ಐದನೆಯ ರೌಂಡಿನ ಜ್ವರ

"ಏಳು ಸಲ! ಮೂರನೇ ರೌಂಡಲ್ಲೇ ಏಳು ಸಲ ಕೆಡವಿದ್ದಾನಪ್ಪ!"

ಕುಪ್ಪುಸಾಮಿ ತಮಿಳು ಪತ್ರಿಕೆಯನ್ನು ಬೆಂಚಿನ ಮೇಲೆ ಹರಡಿಕೊಂಡು ಟೀ ಅಂಗಡಿಗೆಲ್ಲ ಕೇಳುವಂತೆ ಓದುತ್ತಿದ್ದ. ನ್ಯೂಯಾರ್ಕಿನಲ್ಲಿ ಹೆವಿವೇಟ್ ಬಾಕ್ಸಿಂಗಿನ ವಿಶ್ವ ಚಾಂಪಿಯನ್ನನನ್ನು ಸ್ವೀಡನ್ ದೇಶದವನೊಬ್ಬ ಸೋಲಿಸಿದ್ದ. ಯಾರೂ ಎಣಿಸದಿದ್ದ ಫಲಿತಾಂಶ.

"ಲಕ್ಕು, ಬೇರೇನಿಲ್ಲ," ಎಂದ ಇನ್ನೊಬ್ಬ. "ನಮ್ಮ ಈಶ್ವರನ್ ಅಣ್ಣನ ಕಥೆಯ ಹಾಗೆ. ಅವತ್ತು ಜ್ವರ ಇರದಿದ್ದರೆ ಆ ಸೋಮನೂರಿನವನು ಎದುರಿಗೆ ನಿಲ್ಲುತ್ತಿದ್ದನಾ?"

ಎಲ್ಲರೂ ಮೂಲೆಯಲ್ಲಿ ಕೂತಿದ್ದ ಈಶ್ವರನ್ ಕಡೆಗೆ ಅಭಿಮಾನದಿಂದ ತಿರುಗಿದರು. ಎಂಟು ವರ್ಷಗಳಿಂದ ಹೀಗೇ ತಿರುಗುತ್ತಿದ್ದರು. ಈಶ್ವರನ್ ಎಂದಿನಂತೆ ನಕ್ಕುಬಿಡಬೇಕಿತ್ತು. ಇವತ್ತು ನಗು ಬರಲಿಲ್ಲ. ಅರ್ಧ ಕುಡಿದ ಟೀ ಬಿಟ್ಟು ಮನೆಗೆ ಬಂದ.

ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಅವನು ನಾಲ್ಕು ವರ್ಷಗಳಿಂದ ಜಿಲ್ಲೆಯ ಹೆವಿವೇಟ್ ಚಾಂಪಿಯನ್. ಆ ಪಟ್ಟ ನೋಡಿಯೇ ಮಿಲ್ಲಿನವರು ಟೈಮ್‌ಕೀಪರ್ ಕೆಲಸ ಕೊಟ್ಟಿದ್ದರು. ಆ ವರ್ಷದ ಪಂದ್ಯದಲ್ಲಿ ಸೋಮನೂರಿನ ಲಿಂಗಸಾಮಿ ಎಂಬ ಹೊಲಗೆಲಸದವನು ಐದನೆಯ ರೌಂಡಿನಲ್ಲಿ ಅವನನ್ನು ಮಲಗಿಸಿದ. ಎಚ್ಚರವಾದಾಗ ಟೆಂಟಿನಲ್ಲಿ ಮಿಲ್ಲಿನ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. "ಏನಯ್ಯಾ ಆಯ್ತು?" ಎಂದಾಗ ಬಾಯಿಗೆ ಬಂದದ್ದು ಒಂದೇ ಮಾತು: "ಜ್ವರ ಸಾರ್." ಬೆಳಗಾಗುವುದರೊಳಗೆ ಅದು ಊರಿಗೆಲ್ಲ ಗೊತ್ತಾಯಿತು. ಪಂದ್ಯದ ದಿನ ಅವನು ಒಂಬತ್ತು ಇಡ್ಲಿ ತಿಂದು ಹೋಗಿದ್ದ ಸಂಗತಿ ಹೆಂಡತಿ ವೇದವತಿಗೆ ಮಾತ್ರ ಗೊತ್ತಿತ್ತು.

"ಸೋಮನೂರಿಗೆ ಹೋಗ್ಬರ್ತೀನಿ ವೇದಾ," ಎಂದ ಈಶ್ವರನ್.

ವೇದವತಿ ಒಂದು ಚಿಪ್ಪು ಬಾಳೆಹಣ್ಣು ಚೀಲಕ್ಕೆ ಹಾಕಿ ಕೈಗಿತ್ತಳು. "ಇವತ್ತಾದ್ರೂ ಹೊರಟ್ರಲ್ಲ."

ಬಸ್ಸಿಳಿದಾಗ ಆಷಾಢದ ಗಾಳಿ ಬೀಸುತ್ತಿತ್ತು. ಬೀದಿಯ ಎರಡು ಕಡೆಯೂ ಶೆಡ್ಡುಗಳಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಲಿಂಗಸಾಮಿ ಈಗ ಹೊಲ ಬಿಟ್ಟು ಎರಡು ಪವರ್‌ಲೂಮ್ ಹಾಕಿಕೊಂಡಿದ್ದ. ಬಂದವನನ್ನು ಕಂಡು ಮಗ್ಗ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಓಡಿಬಂದ.

"ಈಶ್ವರಣ್ಣಾ! ಬನ್ನಿ, ಒಳಕ್ ಬನ್ನಿ. ಬೆಳ್ಳಿ, ಯಾರ್ ಬಂದವ್ರೆ ನೋಡು!"

ಬೆಳ್ಳಿಯಮ್ಮ ಮಜ್ಜಿಗೆ ತಂದುಕೊಟ್ಟಳು. ಮುಖದಲ್ಲಿ ಮಾತ್ರ ನಗು ಇರಲಿಲ್ಲ. "ಮೈ ಚೆನ್ನಾಗಿದೆಯಾ ಅಣ್ಣಾ? ಜ್ವರಗಿರ ಏನೂ ಇಲ್ವಲ್ಲ?"

ಲಿಂಗಸಾಮಿ ನಾಚಿ ತಲೆ ತಗ್ಗಿಸಿದ. ಈಶ್ವರನ್ ಲೋಟ ಕೆಳಗಿಟ್ಟ.

"ಅದನ್ನೇ ಹೇಳೋಕೆ ಬಂದೆ ತಾಯಿ. ಅವತ್ತು ನನಗೆ ಜ್ವರ ಇರಲಿಲ್ಲ. ಸುಳ್ಳು ಹೇಳ್ದೆ. ನಿನ್ನ ಗಂಡ ನೆಟ್ಟಗಿದ್ದವನನ್ನೇ ಹೊಡೆದು ಗೆದ್ದ."

ಲಿಂಗಸಾಮಿ ಮೆಲ್ಲಗೆ, "ನಂಗೊತ್ತು ಅಣ್ಣಾ," ಎಂದ.

"ನಿನಗೆ ಹೇಗೆ ಗೊತ್ತು?"

"ಎರಡ್ನೇ ರೌಂಡಲ್ಲಿ ನನ್ನ ತಬ್ಬಿ ಹಿಡ್ಕೊಂಡ್ರಲ್ಲ. ನಿಮ್ಮ ಕೆನ್ನೆ ನನ್ ಹೆಗಲ ಮೇಲಿತ್ತು. ತಣ್ಣಗಿತ್ತು. ಜ್ವರದ ಮೈ ನಂಗೆ ತಿಳಿಯಲ್ವಾ?"

"ಮತ್ತೆ ಯಾರಿಗೂ ಹೇಳಲಿಲ್ಲವಲ್ಲೋ!"

"ನಿಮ್ ಕೆಲಸಕ್ಕೆ ಕಲ್ಲು ಬೀಳುತ್ತೋ ಅಂತ ಸುಮ್ನಿದ್ದೆ. ನಂಗೆ ಗೊತ್ತಿದ್ರೆ ಸಾಕು ಅನ್ನಿಸ್ತು."

"ನಿಮಗೆ ಸಾಕು!" ಬೆಳ್ಳಿಯಮ್ಮ ಗಂಡನ ಮೇಲೆ ತಿರುಗಿಬಿದ್ದಳು. "ನಾನು? ಪ್ರತಿ ಹಬ್ಬಕ್ಕೂ ನಮ್ಮಣ್ಣ 'ರೋಗಿಯನ್ನ ಗೆದ್ದ ನಮ್ಮನೆ ಅಳಿಯ' ಅಂತ ಎಲೆ ಮುಂದೆ ಕೂತು ನಗ್ತಾನೆ. ನಂಗೂ ಹೇಳ್ಲಿಲ್ವಲ್ಲ!" ಅವಳ ಕಣ್ಣಲ್ಲಿ ನೀರು ಬಂತು. ಬೈಯುತ್ತಲೇ ನಕ್ಕಳು.

ಈಶ್ವರನ್‌ಗೆ ಎದೆ ಹಗುರಾಯಿತು. ಎಂಟು ವರ್ಷ ಯಾರನ್ನೂ ಕೇಳಲಾಗದ ಪ್ರಶ್ನೆಯನ್ನು ಈಗ ಕೇಳಿದ. "ಆ ಏಟು ಬಂದದ್ದೇ ನನಗೆ ಕಾಣಲಿಲ್ಲ. ಎಲ್ಲಿಂದ ಬಂತೋ?"

ಲಿಂಗಸಾಮಿ ಎದ್ದು ನಿಂತ. "ನೀವು ಎಡಗೈಲಿ ಹೊಡೆದ್ಮೇಲೆ ಕೈ ವಾಪಸ್ ತರೋವಾಗ ಹೊಟ್ಟೆ ಹತ್ರ ತರ್ತಿದ್ರಿ. ಗಲ್ಲದ ಹತ್ರ ಅಲ್ಲ. ಮೊದಲ ರೌಂಡಲ್ಲೇ ನೋಡ್ದೆ. ಯಾವಾಗ್ಲೂ ಹಂಗೇನಾ ಅಂತ ತಿಳ್ಕೊಳ್ಳೋಕೆ ಇನ್ನೂ ಮೂರು ರೌಂಡು ಏಟು ತಿಂದೆ. ಐದ್ನೇದ್ರಲ್ಲಿ ಆ ಸಂದೀಲಿ ಬಲಗೈ ಬಿಟ್ಟೆ."

ಈಶ್ವರನ್ ಎಡಗೈ ಚಾಚಿ ಹಿಂದಕ್ಕೆಳೆದು ನೋಡಿದ. ಕೈ ಹೊಟ್ಟೆಯ ಬಳಿ ಬಂದು ನಿಂತಿತು. ಊರಿನವರು ಅದೃಷ್ಟ ಎಂದಿದ್ದರು, ಕೆಲವರು ಎತ್ತಿನ ಬಲ ಎಂದಿದ್ದರು. ಈ ಮನುಷ್ಯ ಮುಖದ ತುಂಬ ಏಟು ತಿನ್ನುತ್ತ ಪಾಠ ಓದಿದಂತೆ ತನ್ನನ್ನು ಓದಿದ್ದ. ಒಳ್ಳೆಯವನ ಕೈಯಲ್ಲೇ ಸೋತೆನಲ್ಲ ಎನ್ನಿಸಿ ಈಶ್ವರನ್ ಗಟ್ಟಿಯಾಗಿ ನಕ್ಕುಬಿಟ್ಟ.

"ನಾಳೆ ನಮ್ಮ ಟೀ ಅಂಗಡಿಯಲ್ಲಿ ಹೇಳ್ತೀನಿ ಲಿಂಗಸಾಮಿ. ಮ್ಯಾನೇಜರಿಗೂ ಹೇಳ್ತೀನಿ. ಏನು ಬೇಕಾದ್ರೂ ಆಗಲಿ."

"ನಾಳೆ ಇರಲಿ ಅಣ್ಣಾ," ಎಂದಳು ಬೆಳ್ಳಿಯಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ. "ನಮ್ಮಣ್ಣನ ಶೆಡ್ಡು ಪಕ್ಕದಲ್ಲೇ ಇದೆ. ಮೊದಲು ಅಲ್ಲಿಗೆ ಬನ್ನಿ. ಆಮೇಲೆ ಊಟ."

ಅವಳ ಅಣ್ಣ ಅಯ್ಯಾಸಾಮಿಯ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಈಶ್ವರನ್ ಬಾಗಿಲಲ್ಲೇ ನಿಂತು, ತನಗೆ ಅವತ್ತು ಜ್ವರ ಇರಲಿಲ್ಲವೆಂದು ಗಂಟಲು ಹರಿಯುವಂತೆ ಕೂಗಿದ.

"ಏನು?" ಅಯ್ಯಾಸಾಮಿ ಕಿವಿಗೆ ಕೈ ಇಟ್ಟು ಕೇಳಿದ. "ಒಂದೂ ಕೇಳಿಸ್ಲಿಲ್ಲ!"

ಅವನು ಒಂದೊಂದೇ ಮಗ್ಗ ನಿಲ್ಲಿಸುತ್ತ ಬಂದ. ಕೊನೆಯ ಮಗ್ಗದ ಲಾಳಿಯೂ ನಿಂತಿತು. ಹಂಚಿನ ಸಂದಿಯ ಬೆಳಕಿನಲ್ಲಿ ಹತ್ತಿಯ ಧೂಳು ನಿಧಾನವಾಗಿ ಕೆಳಗಿಳಿಯುತ್ತ, ಕಾಯುತ್ತಿದ್ದ ಬೆಳ್ಳಿಯಮ್ಮನ ಕೂದಲ ಮೇಲೆ ಕೂರತೊಡಗಿತು. ಈಶ್ವರನ್ ಈಗ ಸಣ್ಣ ದನಿಯಲ್ಲಿ ಮತ್ತೆ ಮೊದಲಿನಿಂದ ಹೇಳತೊಡಗಿದ.