ಓಬಳಯ್ಯನ ಸರದಿ ನಿಂತ ದಿನ

ಮದಲೂರಿನ ಗಂಗಾಂಬಿಕಾ ಅವತ್ತು ಮಾವನ ಮಂಚಕ್ಕೆ ಅಡ್ಡ ನಿಂತುಬಿಟ್ಟಳು. ಮನೆ ಮುಂದೆ ಆಟೋ ಕಾಯುತ್ತಿತ್ತು. ಮಾವ ಓಬಳಯ್ಯನನ್ನು ಕರೆದೊಯ್ಯಲು ಕೊರಟಗೆರೆಯಿಂದ ಭಾವ ಸುರೇಶ್ ಬಂದಿದ್ದ.

ಓಬಳಯ್ಯನಿಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋದ ಮೇಲೆ ಇಬ್ಬರು ಗಂಡುಮಕ್ಕಳು ಕೂತು ಮಾಡಿಕೊಂಡ ಏರ್ಪಾಡು ಇದು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ಒಬ್ಬರ ಮನೆ, ಆಮೇಲೆ ಇನ್ನೊಬ್ಬರ ಮನೆ. ಹೊಲ ಹಂಚಿಕೊಂಡ ಹಾಗೆ ಅಪ್ಪನನ್ನೂ ಹಂಚಿಕೊಂಡಿದ್ದರು. ಎಲ್ಲರಿಗೂ ನ್ಯಾಯವಾಗಿತ್ತು, ಅಪ್ಪನ ಬೆನ್ನಿಗೊಂದು ಬಿಟ್ಟು. ಮಲಗಿ ಮಲಗಿ ಸೊಂಟದ ಹತ್ತಿರ ಹುಣ್ಣಾಗಿತ್ತು. ನಿಮ್ಮ ಮನೆಯಲ್ಲಿ ಆದದ್ದು ಎಂದು ಇವರು, ನಿಮ್ಮಲ್ಲೇ ಎಂದು ಅವರು. ಹುಣ್ಣು ಮಾತ್ರ ಯಾರ ಮನೆಗೆ ಹೋದರೂ ಜೊತೆಗೇ ಹೋಗುತ್ತಿತ್ತು.

"ಮಾವ ಈ ಸಲ ಬರಲ್ಲ ಭಾವ," ಎಂದಳು ಗಂಗಾಂಬಿಕಾ.

"ಅಂಗಂದ್ರೆ? ಪೂರ್ತಿ ನೀನೇ ನೋಡ್ಕಂತೀಯೇನಮ್ಮ?"

"ನನ್ನೊಬ್ಬಳ ಕೈಲಿ ಆಗಲ್ಲ. ಕೆಲಸ ಕಲ್ತಿರೋರನ್ನ ಸಂಬಳಕ್ಕೆ ಇಟ್ಕಳಾಣ. ಎರಡು ಮನೇರೂ ಸೇರಿ ಕೊಡಾಣ."

ಸುರೇಶನ ಮುಖ ಕೆಂಪಾಯಿತು. "ಹೆತ್ತಪ್ಪನ್ನ ಸಂಬಳದೋರ ಕೈಗೆ ಹಾಕಾದಾ? ಊರೋರು ಮುಖಕ್ಕೆ ಉಗೀತಾರೆ ಕಣಮ್ಮ. ಲೇ ಮುತ್ತುರಾಜ, ನೀನಾದ್ರೂ ಹೇಳ್ಲಾ!"

ಗಂಗಾಂಬಿಕಾಳ ಗಂಡ ಮುತ್ತುರಾಜ್ ಅಪ್ಪನ ಹೊದಿಕೆ ಸರಿಮಾಡತೊಡಗಿದ. ಗಲಾಟೆ ಕೇಳಿ ಪಕ್ಕದ ಮನೆಯ ರಾಧಾಮಣಿ ಟೀಚರ್ ಬಂದರು. ಅವರ ತಾಯಿ ಹಾಸಿಗೆ ಹಿಡಿದಾಗ ನೋಡಿಕೊಂಡದ್ದು ಸಂಬಳದ ಹೆಂಗಸೇ.

"ಆಡ್ಕಳೋರು ಆಡ್ಕಳ್ಳಿ ಬುಡು ಸುರೇಶ," ಎಂದರು ಅವರು. "ನಮ್ಮಮ್ಮನ್ನ ಬೇರೇರು ತೊಳೆದ್ರು ಅಂತ ನಾನು ಮಗಳಾಗಿರೋದು ತಪ್ಪೋಯ್ತಾ? ಎರಡೆರಡು ಗಂಟೆಗೆ ಮಗ್ಗಲು ಬದಲಾಯಿಸ್ಬೇಕು. ಹೊಲಕ್ಕೋಗಿ, ಅಡುಗೆ ಮಾಡಿ, ಇದನ್ನೂ ಮಾಡಕ್ಕೆ ಇವಳಿಗೆ ಕೈ ಎಷ್ಟವೆ?"

"ಬರೋರು ಕಳ್ಳರೋ ಸುಳ್ಳರೋ ಯಾರಿಗ್ಗೊತ್ತು ಟೀಚರ್?"

"ವಿಚಾರಿಸ್ದೆ ಇಟ್ಕಂಡ್ರೆ ಗೊತ್ತಾಗಲ್ಲ. ಮೊದ್ಲು ಕೆಲಸ ಮಾಡಿದ ಮನೇರಿಗೆ ಫೋನ್ ಮಾಡಿ ಕೇಳು. ಆಧಾರ್ ನೋಡು, ಪೊಲೀಸ್ ಸ್ಟೇಷನ್‌ಗೂ ತಿಳ್ಸು. ಶುರೂನಲ್ಲಿ ಒಂದು ವಾರ ಜೊತೇಲಿದ್ದು ಹೆಂಗೆ ಮಾಡ್ತಾರೆ ನೋಡ್ರಿ."

ಸುರೇಶ್ ಬಗ್ಗಲಿಲ್ಲ. "ನಡಿಯಪ್ಪ, ಹೊರಡಾಣ. ಒಂದು ಲೋಟ ನೀರು ಕುಡಿ," ಎಂದು ಲೋಟ ಹಿಡಿದ. ಓಬಳಯ್ಯ ಅದನ್ನು ದೂಡಿದ.

"ಯಾವಾಗ್ಲೂ ಇಂಗೇ ತಳ್ಳಿಬುಡ್ತಾರೆ," ಎಂದಳು ಗಂಗಾಂಬಿಕಾ. "ಯಾಕೆ ಮಾವ? ಇವತ್ತು ಹೇಳ್ಲೇಬೇಕು."

ಮುದುಕನ ನಾಲಿಗೆ ತೊದಲುತ್ತಿತ್ತು. ಆದರೂ ಬಿಡಿಸಿ ಬಿಡಿಸಿ ಹೇಳಿದ. "ಕುಡುದ್ರೆ... ಹೊರಕ್ಕೆ ಬತ್ತದೆ. ಮಕ್ಕಳು ಕೆಲಸಕ್ಕೋಗಿರ್ತಾರೆ. ಸೊಸೇರ ಕೈಲಿ ತೊಳುಸ್ಕಬೇಕು. ಅಲ್ಲೂ ಸೊಸೆ, ಇಲ್ಲೂ ಸೊಸೆ. ಅದಕ್ಕೇ ಕುಡಿಯಲ್ಲ."

ಗಂಗಾಂಬಿಕಾ ಮಂಚದ ಅಂಚಿಗೆ ಕೂತಳು. ಈ ಮನುಷ್ಯ ಬಾಯಾರಿಕೊಂಡು ಮಾನ ಉಳಿಸಿಕೊಳ್ಳುತ್ತಿದ್ದ. ತಾನೋ, ಹಟಮಾರಿ ಎಂದು ಅವನನ್ನು ಬೈದಿದ್ದಳು.

"ಗಂಡಸರು ಬಂದು ಮಾಡಿದ್ರೆ ಆಗ್ತದಾ ಮಾವ?"

"ಆಗ್ತದೆ ಕಣವ್ವ."

ಸುರೇಶ್ ಲೋಟ ಕೆಳಗಿಟ್ಟ. ಹೊರಗೆ ಹೋಗಿ ಆಟೋದವನನ್ನು ವಾಪಸ್ಸು ಕಳಿಸಿದ.

ಈಗ ಓಬಳಯ್ಯ ಮದಲೂರಿನಲ್ಲೇ ಇರುತ್ತಾನೆ. ನೋಡಿಕೊಳ್ಳಲು ಪಟ್ಟನಾಯಕನಹಳ್ಳಿ ಕಡೆಯ ಅಂಜನ್ ಕುಮಾರ್ ಬರುತ್ತಾನೆ, ಸಂಬಳ ಎರಡೂ ಮನೆಯವರು ಸೇರಿ ಕೊಡುತ್ತಾರೆ. ರೋಗಿಗಳ ಆರೈಕೆಯ ತರಬೇತಿ ಪಡೆದವನು. ನಾಲ್ಕು ಕಡೆ ವಿಚಾರಿಸಿಯೇ ಇಟ್ಟುಕೊಂಡರು. ಹುಣ್ಣನ್ನು ಡಾಕ್ಟರು ನೋಡಿದರು, ಅದು ಒಣಗುತ್ತಿದೆ. ಭಾನುವಾರ ಅಂಜನ್‌ಗೆ ರಜೆ. ಅವತ್ತು ಸುರೇಶ್ ಬಂದು ತಾನೇ ಅಪ್ಪನ ಗಡ್ಡ ಹೆರೆಯುತ್ತಾನೆ, ಗಾಯ ಮಾಡಿ ಬೈಸಿಕೊಳ್ಳುತ್ತಾನೆ. ಓಬಳಯ್ಯ ನೀರನ್ನು ಕೇಳಿ ಕುಡಿಯುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಅಪ್ಪ ಅಮ್ಮನ ಆರೈಕೆಗೆ ಸಂಬಳ ಕೊಟ್ಟು ಜನ ಇಡುವುದು ಅವಮಾನವಲ್ಲ. ವಿಚಾರಿಸಿ ಇಡಿ, ಇಟ್ಟ ಮೇಲೂ ಕಣ್ಣಿಟ್ಟಿರಿ, ಬಂದವರನ್ನು ಮನೆಯವರಂತೆ ನಡೆಸಿಕೊಳ್ಳಿ. ಅದಕ್ಕೂ ಮೊದಲು ನಿಮ್ಮ ಹಿರಿಯರ ಪಕ್ಕ ಕೂತು ಕೇಳಿ: ನಿಮಗೆ ಯಾವುದು ಕಷ್ಟ, ಯಾರ ಮುಂದೆ ನಾಚಿಕೆ? ಅವರು ಬಾಯಿಬಿಟ್ಟು ಹೇಳುವವರೆಗೆ ಅಲ್ಲಿಂದ ಏಳಬೇಡಿ.