ಹನ್ನೊಂದನೆಯ ಕೋಳಿ

ನೋಟಿಸು ಬಂದಾಗಿನಿಂದ ನಾಗಲಕ್ಷ್ಮಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಹಿತ್ತಿಲಿಗೂ ಓಡಾಡಿದ್ದೇ ಓಡಾಡಿದ್ದು. ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು. ಅದನ್ನು ಒರೆಸಲು ಬಟ್ಟೆ ತೆಗೆದುಕೊಂಡವಳು ಬಟ್ಟೆ ಕೈಯಲ್ಲಿ ಹಿಡಿದೇ ಮತ್ತೆ ಹಿತ್ತಿಲಿಗೆ ಹೋದಳು.

ವಾರ್ಡ್ ಆಫೀಸಿನ ಆ ಕಾಗದದಲ್ಲಿದ್ದುದು ನಾಲ್ಕೇ ಸಾಲು. ವಸತಿ ಪ್ರದೇಶದಲ್ಲಿ ಕೋಳಿ ಸಾಕಿ ನೆರೆಹೊರೆಯವರಿಗೆ ತೊಂದರೆ ಕೊಡುತ್ತಿರುವುದಾಗಿ ದೂರು ಬಂದಿದೆ, ಏಳು ದಿನದೊಳಗೆ ತೆರವು ಮಾಡತಕ್ಕದ್ದು. ವಸತಿ ಪ್ರದೇಶವಂತೆ! ತಣಿಸಂದ್ರದ ಈ ಬೀದಿಗೆ ಅವಳು ಸೊಸೆಯಾಗಿ ಬಂದಾಗ ಪಕ್ಕದಲ್ಲಿ ರಾಗಿ ಹೊಲವಿತ್ತು. ಮಾವ ಅದನ್ನು ಮಾರಿದ ಮೇಲೆ ಅಲ್ಲಿ ಒಂಬತ್ತಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿತು. ಕೋಳಿಗಳು ಮೊದಲು ಬಂದವು, ನಿಯಮ ಆಮೇಲೆ ಬಂತು. ಆದರೆ ಈ ಮಾತನ್ನು ಯಾವ ಅರ್ಜಿಯಲ್ಲಿ ಬರೆದು ಯಾರ ಕೈಗೆ ಕೊಡುವುದು?

ಅವಳನ್ನು ಸುಡುತ್ತಿದ್ದುದು ಆ ಏಳು ದಿನದ ಲೆಕ್ಕ. ಕಾವಿಗೆ ಕೂತ ಕೋಳಿಗೆ ಇಪ್ಪತ್ತೊಂದು ದಿನ ಬೇಕು. ಒಳಗಿನ ಕತ್ತಲ ಕೋಣೆಯಲ್ಲಿ ಬುಟ್ಟಿಯೊಳಗೆ ಕೂತಿದ್ದ ಕೋಳಿಗೆ ಅಂದಿಗೆ ಒಂಬತ್ತೇ ದಿನವಾಗಿತ್ತು. ಕಾವಿಗೆ ಕೂತದ್ದನ್ನು ನಡುವೆ ಎತ್ತಿದರೆ ಮೊಟ್ಟೆಯೆಲ್ಲ ತಣ್ಣಗಾಗಿ ಕೊಳೆತುಹೋಗುತ್ತವೆ.

ಅವು ಬರೀ ಮೊಟ್ಟೆಗಳಲ್ಲ. ಮಗಳು ಕೀರ್ತಿ ಹುಟ್ಟಿದಾಗ ಬಾಣಂತಿ ಸಾರಿಗೆಂದು ನಾಗಲಕ್ಷ್ಮಿಯ ತಾಯಿ ಹೆಸರಘಟ್ಟದಿಂದ ಒಂದು ಕರಿ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಅದನ್ನು ಕೊಯ್ಯುವ ಹೊತ್ತಿಗೆ ಬಾಣಂತಿ ಹಟ ಹಿಡಿದಳು: ಬೇರೆ ಕೋಳಿ ತನ್ನಿ, ಇದು ನನ್ನಮ್ಮ ತಂದದ್ದು, ಇರಲಿ. ಹತ್ತೊಂಬತ್ತು ವರ್ಷಗಳಿಂದ ಅದರ ಕುಲವೇ ಹಿತ್ತಿಲಲ್ಲಿ ಕೆದಕುತ್ತಿತ್ತು. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಈಗ ಉಳಿದವು ವಯಸ್ಸಾದವು, ಮೊಟ್ಟೆಯಿಟ್ಟರೂ ಕಾವಿಗೆ ಕೂರುವುದಿಲ್ಲ. ಅದಕ್ಕೇ ಅವಳು ತವರಲ್ಲಿ ಅಣ್ಣನ ಮನೆಯಿಂದ ಕಾವಿಗೆ ಬಂದ ಒಂದು ಕೋಳಿಯನ್ನು ಕೇಳಿ ತರಿಸಿದ್ದಳು. ಪದ್ಧತಿಯಂತೆ ಅದರ ಕಣ್ಣಿಗೆ ಬಟ್ಟೆ ಕಟ್ಟಿ, ಚೀಲದಲ್ಲಿಟ್ಟು, ಮುಸ್ಸಂಜೆಯಲ್ಲಿ ಮನೆ ಸೇರಿಸಿದ್ದಾಯಿತು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಹುಲ್ಲಿನ ನಡುವೆ ಒಂದು ಕಬ್ಬಿಣದ ಮೊಳೆ, ಒಂದು ಚೂರು ಇದ್ದಿಲು ಇಟ್ಟು, ಹದಿಮೂರು ಮೊಟ್ಟೆಯ ಮೇಲೆ ಕೂರಿಸಿದ್ದಳು. ಕಾವಿಗೆ ಕೂತ ಕೋಳಿಯ ಸುದ್ದಿ ಹೊರಗಿನವರ ಕಿವಿಗೆ ಬೀಳಬಾರದು, ಕಣ್ಣಾಗುತ್ತದೆ. ಹಾಸ್ಟೆಲಿನಲ್ಲಿದ್ದ ಮಗಳಿಗೂ ಅವಳು ಹೇಳಿರಲಿಲ್ಲ.

"ಬಿಡು ನಾಗೂ, ಎಲ್ಲಾನೂ ಕೊಟ್ಬಿಡಾನ. ಕಾನೂನು ಅಂದ್ಮೇಲೆ ನಾವೇನ್ ಮಾಡಕಾಯ್ತದೆ?" ಎಂದ ಗಂಡ ಸುಬ್ರಮಣಿ, ಫೋನಿನಿಂದ ತಲೆ ಎತ್ತದೆ.

ಸುಬ್ರಮಣಿ ಮನೆ ಕಟ್ಟಿಸುವ ಕಂಟ್ರಾಕ್ಟರು. ತನ್ನ ಮನೆಯ ಮೆಟ್ಟಿಲನ್ನೇ ಎರಡಡಿ ರಸ್ತೆಗೆ ಚಾಚಿ ಕಟ್ಟಿದವನ ಬಾಯಲ್ಲಿ ಕಾನೂನು ಎಂಬ ಮಾತು ಕೇಳಿ ಅವಳಿಗೆ ಒಂದು ಗಳಿಗೆ ವಿಚಿತ್ರವೆನ್ನಿಸಿತು. ಆದರೆ ಆಗ ಅವಳ ತಲೆಯಲ್ಲಿ ಬೇರೆಯೇ ಮುಖ ಕುಣಿಯುತ್ತಿತ್ತು.

ಮಹಡಿಯಲ್ಲಿ ಬಾಡಿಗೆಗಿದ್ದ ಪ್ರತಿಭಾಳ ಮುಖ. ಬಾಗಲಕೋಟೆ ಕಡೆಯವರು. ಗಂಡ ಸಿದ್ರಾಮಪ್ಪ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ಮೊಟ್ಟೆ ಕೂಡ ಮುಟ್ಟದ ಜನ. ಹೋದ ತಿಂಗಳಷ್ಟೇ ಪ್ರತಿಭಾ, "ಅಕ್ಕಾರ, ನಿಮ್ ಹುಂಜ ಮುಂಜಾನೆ ಎಷ್ಟಕ್ಕ ಕೂಗ್ತೈತ್ರಿ?" ಎಂದು ಕೇಳಿದ್ದಳು. ಇದಕ್ಕಿಂತ ಸಾಕ್ಷಿ ಬೇಕೆ? ನಾಗಲಕ್ಷ್ಮಿ ನೋಟಿಸು ಬಂದ ದಿನವೇ ಅವಳ ಜೊತೆ ಮಾತು ನಿಲ್ಲಿಸಿದಳು. ಮಾತಿನ ಜೊತೆಗೆ ಮೋಟರನ್ನೂ ನಿಲ್ಲಿಸಿದಳು. ಮೇಲಿನ ಟ್ಯಾಂಕು ಒಣಗಿತು. ಪ್ರತಿಭಾ ಕೊಡ ಹಿಡಿದು ಎಡಮನೆಯ ಮಲ್ಕಾಳ ಬಾಗಿಲಿಗೆ ಹೋಗುವುದನ್ನು ಕಿಟಕಿಯಿಂದ ನೋಡಿ, "ಹೊರ್ಲಿ" ಎಂದುಕೊಂಡಳು. ಹಾಗೆಂದುಕೊಂಡರೂ ಸಮಾಧಾನವೇನೂ ಆಗಲಿಲ್ಲ.

ಮೂರನೆಯ ದಿನ ತಡೆಯಲಾರದೆ ವಾರ್ಡ್ ಆಫೀಸಿಗೆ ಹೋದಳು. ಆರೋಗ್ಯ ಇನ್ಸ್‌ಪೆಕ್ಟರ್ ಜೀಷಾನ್ ತಾಳ್ಮೆಯ ಮನುಷ್ಯ. ದೂರು ಕೊಟ್ಟವರ ಹೆಸರು ಹೇಳಲಾಗದು ಎಂದ, ಟೈಪು ಮಾಡಿದ್ದ ದೂರನ್ನು ಹೆಸರಿನ ಭಾಗ ಮುಚ್ಚಿ ಜೆರಾಕ್ಸ್ ಮಾಡಿಸಿ ಕೊಟ್ಟ.

"ನೋಡೀಮ್ಮಾ, ವ್ಯಾಪಾರಕ್ಕಲ್ಲ, ಮನೆಗೋಸ್ಕರ ಅಂದ್ರೆ ನಾನು ಮೇಲಿನೋರಿಗೆ ಬರೀಬಹುದು. ಆದ್ರೆ ಅಕ್ಕಪಕ್ಕದೋರು, ಬಾಡಿಗೆಯೋರು, ಮನೆ ಓನರ್ರು, ಎಲ್ರೂ ಅಭ್ಯಂತರ ಇಲ್ಲ ಅಂತ ಸೈನ್ ಹಾಕ್ಬೇಕು. ಏಳನೇ ದಿನ ನಾನೇ ಬಂದು ನೋಡ್ತೀನಿ."

ಮಲ್ಕಾ ಹೊಲಿಗೆ ಮಿಷನ್ನಿನಿಂದ ಏಳದೆಯೇ ಸಹಿ ಹಾಕಿದಳು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿ, ಹುಂಜ ಒಂದು ಹೋಗುವುದಾದರೆ ಉಳಿದದ್ದಕ್ಕೆ ತಮ್ಮ ತಕರಾರಿಲ್ಲ ಎಂದರು. ಹುಂಜವನ್ನು ಅಣ್ಣನ ಮನೆಗೆ ಕಳಿಸುತ್ತೇನೆಂದು ಮಾತು ಕೊಟ್ಟು ಸಹಿ ಪಡೆದಳು. ಉಳಿದದ್ದು ಮಹಡಿ. ಐದನೆಯ ದಿನ ಬೆಳಿಗ್ಗೆ, ಮೂರು ಸಲ ಮೆಟ್ಟಿಲ ಬುಡದ ತನಕ ಹೋಗಿ ವಾಪಸ್ಸಾದ ಮೇಲೆ, ನಾಲ್ಕನೆಯ ಸಲ ಹತ್ತಿದಳು.

ಪ್ರತಿಭಾ ಖಾಲಿ ಕೊಡ ಪಕ್ಕಕ್ಕಿಟ್ಟು, ಕಾಗದ ಓದದೆಯೇ ಪೆನ್ನಿಗೆ ಕೈ ಚಾಚಿದಳು.

"ಓದಿ ಹಾಕಮ್ಮ. ದೂರು ಕೊಡೋವಾಗ ಓದೇ ಕೊಟ್ಟಿದ್ದೆ ತಾನೆ?" ಅಂದುಬಿಟ್ಟಳು ನಾಗಲಕ್ಷ್ಮಿ.

"ನಾನಾ?" ಪ್ರತಿಭಾಳ ಕಣ್ಣಲ್ಲಿ ನೀರು ತುಂಬಿತು. "ಅಕ್ಕಾರ, ನಮ್ಮವ್ವ ಊರಾಗ ಮುಂಜಾನೆ ನಾಕಕ್ಕ ಏಳ್ತಿದ್ಲು. ಇಲ್ಲಿ ನಿಮ್ ಹುಂಜ ಕೂಗಿದ್ರ ನಂಗ ಅಕಿನ ಎಬ್ಬಿಸಿದಂಗ ಆಕ್ಕೈತಿ. ಅದಕ್ಕ ಕೇಳಿದ್ದೆ. ಅದಕೇನು ನೀರು ಬಂದ್ ಮಾಡಿದ್ರಿ?"

ನಾಗಲಕ್ಷ್ಮಿ ಕೈಯಲ್ಲಿದ್ದ ದೂರಿನ ಜೆರಾಕ್ಸನ್ನು ಅವಳ ಮುಂದಿಟ್ಟಳು. ಪ್ರತಿಭಾ ಅದನ್ನು ಕೈಗೆತ್ತಿಕೊಂಡು ಓದಿದಳು, ಹುಬ್ಬು ಗಂಟಿಕ್ಕಿದಳು.

"ಇದನ್ನ ಬರದಾವ್ರಿಗೆ ಎಣಿಸಾಕ ಬರಂಗಿಲ್ಲೇನ್ರಿ? ಹನ್ನೊಂದು ಕೋಳಿ ಅಂತ ಬರದಾರ. ನಾ ದಿನಾ ಬಟ್ಟಿ ಒಣ ಹಾಕೂಮುಂದ ಮ್ಯಾಲಿಂದ ಎಣಸ್ತೀನಿ. ಹುಂಜ ಹಿಡದು ಹತ್ತ ಅದಾವು."

ನಾಗಲಕ್ಷ್ಮಿ ಆ ಕಾಗದವನ್ನು ಹತ್ತು ಸಲ ಓದಿದ್ದಳು. ಹನ್ನೊಂದು ಎಂಬುದು ಅವಳಿಗೆ ತಪ್ಪೆಂದು ಕಂಡಿರಲೇ ಇಲ್ಲ, ಏಕೆಂದರೆ ಅವಳಿಗೆ ಇದ್ದುದು ಹನ್ನೊಂದೇ. ಹೊರಗಿನವರಿಗೆ ಹತ್ತು. ಹನ್ನೊಂದನೆಯದು ಕಣ್ಣು ಕಟ್ಟಿಸಿಕೊಂಡು ಕತ್ತಲಲ್ಲಿ ಬಂದು ಕತ್ತಲ ಕೋಣೆ ಸೇರಿದ್ದು ಈ ಬೀದಿಯಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬ, ಆ ಚೀಲವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ಕಾಲಿನಲ್ಲಿ ಒತ್ತಿ ಹಿಡಿದು, ಹೆಸರಘಟ್ಟದಿಂದ ತಂದವನು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅವಳು ಕೆಳಗಿಳಿದು ಮೊದಲು ಮೋಟರು ಹಾಕಿದಳು. ಆಮೇಲೆ ಕತ್ತಲ ಕೋಣೆಗೆ ಹೋಗಿ, ಕೋಳಿಯ ಎದುರು ನೆಲದ ಮೇಲೆ ಕೂತು ಅತ್ತಳು. ಗಂಡ ಕೋಳಿ ಬೇಡವೆಂದಿದ್ದರೆ ಜಗಳವಾಡುತ್ತಿದ್ದಳು, ಅಷ್ಟೇ. ಚೀಲವನ್ನು ಅಷ್ಟು ಜೋಪಾನವಾಗಿ ತಂದವನು ಅದನ್ನೂ ಸೇರಿಸಿ ಎಣಿಸಿ ಬರೆದನಲ್ಲ, ಅದನ್ನು ಸಹಿಸಲಾಗಲಿಲ್ಲ. ಎರಡು ದಿನ ಅವನಿಗೆ ಊಟ ಬಡಿಸಿದಳು, ಏನೂ ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಇನ್ನೊಂದು ಸೌಟು ಸಾರು ಬಡಿಸಿಬಿಡುತ್ತಿದ್ದಳು.

ಏಳನೆಯ ದಿನ ಜೀಷಾನ್ ಬಂದ. ನಾಗಲಕ್ಷ್ಮಿ ಕಾಫಿ ಕೊಟ್ಟಳು, ಸಹಿಗಳ ಕಾಗದ ಮುಂದಿಟ್ಟಳು. ಸುಬ್ರಮಣಿ ಬಾಗಿಲಿಗೊರಗಿ ನಿಂತಿದ್ದ. ಹಿತ್ತಿಲಲ್ಲಿ ಎಣಿಸಿ ಬಂದ ಜೀಷಾನ್ ಕೇಳಿದ, "ಹತ್ತು ಇದೆ. ದೂರಲ್ಲಿ ಹನ್ನೊಂದು ಅಂತಿದೆಯಲ್ಲಮ್ಮಾ?"

ಅವಳು ಗಂಡನ ಕಡೆ ತಿರುಗಿದಳು. "ರೀ, ಹನ್ನೊಂದನೇದು ಎಲ್ಲೈತೆ ಅಂತ ಸಾಹೇಬ್ರಿಗೆ ನೀವೇ ತೋರ್ಸಿ."

ಸುಬ್ರಮಣಿ ಬಾಗಿಲು ಬಿಟ್ಟು ನೆಟ್ಟಗೆ ನಿಂತ. ಅವಳನ್ನು ನೋಡಿದ, ಕಾಗದ ನೋಡಿದ, ಒಳಗೆ ನಡೆದು ಕತ್ತಲ ಕೋಣೆಯ ಪರದೆ ಸರಿಸಿದ. ಜೀಷಾನ್ ಬಗ್ಗಿ ನೋಡಿ, ಇದ್ದಿಲ ಚೂರು ಕಂಡು ನಕ್ಕ. "ನಮ್ಮ ಅಜ್ಜಿನೂ ಹೀಗೇ ಇಡ್ತಿದ್ರು" ಎಂದ. ಆಮೇಲೆ ಕಾಗದದ ಮೇಲೆ ಬೆರಳಿಟ್ಟು, "ಓನರ್ ಸೈನ್ ಒಂದು ಬಾಕಿ ಇದೆ" ಎಂದ.

"ಮನೆ ಖಾತೆ ನಿಮ್ಮೆಸರಲ್ಲೇ ಅಲ್ವಾ ಇರೋದು" ಎನ್ನುತ್ತ ನಾಗಲಕ್ಷ್ಮಿ ಪೆನ್ನು ಚಾಚಿದಳು. ಸುಬ್ರಮಣಿ ನಿಂತಲ್ಲೇ, ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದ.

ಇನ್ಸ್‌ಪೆಕ್ಟರು ಹೋದ ಮೇಲೆ ಅವನು ಪೆನ್ನಿಗೆ ಮುಚ್ಚಳ ಹಾಕಿ ಅವಳಿಗೆ ವಾಪಸ್ಸು ಕೊಟ್ಟ.

"ಹಿತ್ಲಲ್ಲಿ ಬಾಡಿಗೆಗೆ ಪಿ.ಜಿ. ಕಟ್ಟಾನ ಅಂತಿದ್ದೆ ನಾಗೂ. ನೀನ್ ಒಪ್ಪಲ್ಲ ಅಂತ ಗೊತ್ತಿತ್ತು. ಅದ್ಕೇ ಇಂಗೆ ಮಾಡ್ದೆ."

"ಒಂದ್ಸಲ ಕೇಳಿದ್ರಾ?"

ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಹದಿಮೂರರಲ್ಲಿ ಒಂಬತ್ತು ಮರಿಗಳಾದವು. ಎರಡು ಅಚ್ಚ ಕರಿಯವು. ಹುಂಜ ಹೆಸರಘಟ್ಟಕ್ಕೆ ಹೋಯಿತು, ಅಣ್ಣನ ಕೋಳಿಯೂ ಅದರ ಹಿಂದೆಯೇ. ಪ್ರತಿಭಾಳಿಗೆ ಕೆಲವು ದಿನ ಬೆಳಿಗ್ಗೆ ಎಚ್ಚರವೇ ಆಗಲಿಲ್ಲವಂತೆ. ಸುಬ್ರಮಣಿ ಹಿತ್ತಿಲಿಗೆ ಹೊಸ ತಂತಿಬೇಲಿ ಹಾಕಿಸಿಕೊಟ್ಟ, ಪಿ.ಜಿ. ಮಾತು ಎತ್ತಲಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಹೋದ ಹಾಗೇ ಇತ್ತು.

ಮರಿಗಳು ಬೆಳೆದು, ಕರಿಯದರಲ್ಲಿ ಒಂದು ಮೊದಲ ಸಲ ಕಾವಿಗೆ ಬಂದಾಗ ನಾಗಲಕ್ಷ್ಮಿ ಅದನ್ನು ಕಂಕುಳಲ್ಲಿಟ್ಟುಕೊಂಡು, ಮೊಳೆ, ಇದ್ದಿಲು ಸೆರಗಿನಲ್ಲಿ ಕಟ್ಟಿಕೊಂಡು ಮಹಡಿ ಹತ್ತಿದಳು. ಮನೆಯಲ್ಲಿ ಹುಂಜವಿಲ್ಲದ್ದರಿಂದ, ಅಣ್ಣನ ಮನೆ ಸೇರಿದ್ದ ತಮ್ಮ ಹುಂಜದಿಂದಲೇ ಆದ ಮೊಟ್ಟೆಗಳನ್ನು ತರಿಸಿದ್ದಳು.

"ನಾವು ತತ್ತಿ ಮುಟ್ಟಂಗಿಲ್ಲರೀ ಅಕ್ಕಾರ" ಎಂದಳು ಪ್ರತಿಭಾ, ಬಚ್ಚಲ ಪಕ್ಕದ ಮೂಲೆಯಲ್ಲಿ ಜಾಗ ಖಾಲಿ ಮಾಡುತ್ತ. "ಕೋಳಿ ಕುಂದ್ರಾಕ ಏನ್ ಅಡ್ಡಿ ಇಲ್ಲ. ನಾ ಯಾರ ಮುಂದೂ ಹೇಳಂಗಿಲ್ಲ."

ಮಾರನೆಯ ಸಂಜೆ ಸುಬ್ರಮಣಿ ಕಾಳು ಎರಚುತ್ತ ಹಿತ್ತಿಲಲ್ಲಿ ನಿಂತಿದ್ದ.

"ನಾಗೂ, ಆ ಕರಿದು ಕಾಣ್ತಿಲ್ವಲ್ಲ?"

"ಇಲ್ಲೇ ಎಲ್ಲೋ ಇರ್ಬೇಕು" ಎಂದಳು ನಾಗಲಕ್ಷ್ಮಿ, ಮಹಡಿಯ ಕಡೆ ನೋಡದೆ.