ತೊಟ್ಟಿ ಬೇರೆಯಾದರೂ ಅಂಗಳ ಒಂದೇ

ಲಾರಿ ಓಡಿಸಿ ಸಾಕಾಗಿ ಮನೆ ಸೇರಿದ್ದ ಡ್ರೈವರ್ ಮಾವನ ಹಿತ್ತಲಲ್ಲಿ ಯಾರಿಗೂ ಬೇಡವಾದ ಪ್ರಾಣಿಗಳದೇ ಸಂಸಾರ. ಕುಂಟ ಎತ್ತು, ಕಣ್ಣು ಕಾಣದ ಕತ್ತೆ, ವಯಸ್ಸಾದ ಕುರಿ, ಜೊತೆಗೆ ಒಂದಷ್ಟು ಕೋಳಿ, ಬಾತುಕೋಳಿ. ಎಲ್ಲೆಲ್ಲಿಂದಲೋ ಬಂದವು, ಆದರೂ ಒಂದು ದಿನವೂ ಜಗಳವಿಲ್ಲ. ಕುರಿಯ ಕೊರಳ ಗಂಟೆ ಕೇಳಿಸಿದತ್ತ ಕತ್ತೆ ನಡೆಯುತ್ತಿತ್ತು. ಆ ಗಂಟೆಯೇ ಅದಕ್ಕೆ ಕಣ್ಣು.

ಇದನ್ನೆಲ್ಲ ನೋಡಿ ಮಾವನಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲೇ ಸಿಮೆಂಟು ಕಲಸಿ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಬಿಟ್ಟ. ಎತ್ತಿನ ಹಿಂಡಿ, ಕೋಳಿಯ ಕಾಳು, ಕತ್ತೆಯ ಹುಲ್ಲು, ಸುರಿದದ್ದೆಲ್ಲ ಅದಕ್ಕೇ. ನೋಡಲು ಬಂದವರು ಫೋಟೋ ತೆಗೆದುಕೊಂಡು ಹೊಗಳಿದ್ದೇ ಹೊಗಳಿದ್ದು.

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅವನ ನಾದಿನಿ ಮಾತ್ರ ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು. ಒಂದೊಂದರ ಹೊಟ್ಟೆ ಒಂದೊಂದು ಥರ, ಮೇವು ಬೇರೆ ಮಾಡಿ ಎಂದು ಹೇಳಿ ಹೇಳಿ ಅವಳ ಬಾಯಿ ನೋಯಿತೇ ಹೊರತು ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ.

“ಜೊತೇಲಿ ಉಂಡರೆ ತಾನೆ ಒಂದೇ ಮನೆ ಅನ್ನಿಸೋದು? ಸಂಸಾರ ಒಡೆಯೋ ಮಾತು ಆಡಬೇಡಮ್ಮ,” ಎಂದುಬಿಟ್ಟ.

ಒಂದು ಸಂಜೆ ಕೋಳಿಗಳಿಗೆಂದು ಹೊಸ ಮೂಟೆ ಬಿಚ್ಚಿ ಕಾಳು ಸುರಿದ. ಕೋಳಿಗಳಿಗಿಂತ ಮೊದಲು ಕುರಿ ಬಾಯಿ ಹಾಕಿ ಹೊಟ್ಟೆ ಬಿರಿಯುವಷ್ಟು ತಿಂದಿತು. ಬೆಳಗಾದರೆ ಕುರಿ ಏಳಲಿಲ್ಲ. ಹೊಟ್ಟೆ ಉಬ್ಬಿತ್ತು, ಮೆಲುಕು ನಿಂತಿತ್ತು, ಹಲ್ಲು ಕಡಿಯುತ್ತಿತ್ತು. ಗಂಟೆಯ ಸದ್ದಿಲ್ಲದೆ ಕತ್ತೆಯೂ ನಿಂತಲ್ಲೇ ನಿಂತುಬಿಟ್ಟಿತು, ನೀರಿನ ಹತ್ತಿರಕ್ಕೂ ಹೋಗಲಿಲ್ಲ. ಒಂದು ಹೋದರೆ ಎರಡೂ ಹೋದ ಹಾಗೆ ಎಂದು ಮಾವ ಗಾಬರಿಯಾದ. ಅಭಿಮಾನ ಪಕ್ಕಕ್ಕಿಟ್ಟು ನಾದಿನಿಗೇ ಫೋನ್ ಮಾಡಿದ.

ಅವಳು ಡಾಕ್ಟರನ್ನೇ ಕರೆದುಕೊಂಡು ಬಂದಳು. ಡಾಕ್ಟರು ಕುರಿಯ ಬಾಯಿಂದ ಕೊಳವೆ ಇಳಿಸಿ ಔಷಧಿ ಹಾಕಿದರು. ಕುರಿ ಒಮ್ಮೆಗೇ ಅಷ್ಟು ಕಾಳು ತಿಂದರೆ ಹೊಟ್ಟೆಯೊಳಗೆ ಹುಳಿಯಾಗುತ್ತದೆ, ತಡಮಾಡಿದ್ದರೆ ಪ್ರಾಣವೇ ಹೋಗುತ್ತಿತ್ತು ಎಂದರು. ದನಗಳ ಮೇವಿಗೆ ಬೆರೆಸುವ ಖನಿಜದ ಪುಡಿಯಲ್ಲಿ ತಾಮ್ರವಿರುತ್ತದೆ, ದಿನಾ ಹೊಟ್ಟೆಗೆ ಹೋದರೆ ಕುರಿಗೆ ಅದೂ ವಿಷವೇ ಎಂದೂ ತಿಳಿಸಿದರು.

ಮಾವ ತಲೆ ತಗ್ಗಿಸಿ ಕೂತ. ನಾದಿನಿ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: “ಭಾವ, ನಿಮಗೆ ಶುಗರ್ ಇದೆ ಅಂತ ಅಕ್ಕ ನಿಮ್ಮ ಟೀ ಬೇರೆ ಮಾಡ್ತಾಳೆ. ಅಷ್ಟಕ್ಕೇ ನಿಮ್ಮ ಮನೆ ಒಡೆದುಹೋಯ್ತಾ?”

ಮಾವ ಎದ್ದು ಹೋಗಿ ತೊಟ್ಟಿಯಲ್ಲಿ ಉಳಿದಿದ್ದ ಕಾಳನ್ನೆಲ್ಲ ಬಳಿದು ತೆಗೆದ.

ಮಾರನೆಯ ದಿನ ಕುರಿ ಎದ್ದು ನಿಂತಿತು. ಬಿಸಿಲು ಏರುವ ಹೊತ್ತಿಗೆ ದವಡೆ ಆಡಿಸುತ್ತಾ ಮೆಲುಕು ಹಾಕತೊಡಗಿತು. “ಅಬ್ಬಾ, ಬದುಕಿಕೊಂಡ್ವಿ,” ಎಂದು ಮಾವ ನೆಲದ ಮೇಲೇ ಕೂತು, ನಾಚಿಕೆಯಿಲ್ಲದೆ ಅತ್ತ. ಕತ್ತೆ ಕುರಿಯ ಹಿಂದೆ ಹಿಂದೆ ಹೋಗಿ ಹೊಟ್ಟೆ ತುಂಬ ನೀರು ಕುಡಿಯಿತು.

ಈಗ ಅಲ್ಲಿ ಎತ್ತಿಗೊಂದು ತೊಟ್ಟಿ, ಕುರಿಗೊಂದು, ಕತ್ತೆಗೊಂದು. ತಿನ್ನುವಷ್ಟು ಹೊತ್ತು ನಡುವೆ ಬಿದಿರಿನ ತಡಿಕೆ. ಕೋಳಿಯ ಕಾಳು ಜಾಲರಿಯೊಳಗೆ, ಕೋಳಿ ಮಾತ್ರ ನುಗ್ಗುವಷ್ಟು ಸಣ್ಣ ಬಾಗಿಲು. ತಿಂದು ಮುಗಿಸಿ ಎಲ್ಲವೂ ಒಂದೇ ನೆರಳಿಗೆ ಬಂದು ಮಲಗುತ್ತವೆ.

ನಿಮ್ಮ ಮನೆಯಲ್ಲೂ ಬಗೆಬಗೆಯ ಪ್ರಾಣಿಗಳಿವೆಯೇ? ಇವತ್ತೇ ಹೋಗಿ ನೋಡಿ, ಯಾರ ಮೇವು ಯಾರ ಬಾಯಿಗೆ ಹೋಗುತ್ತಿದೆ ಅಂತ. ಹೊಟ್ಟೆ ಉಬ್ಬಿದರೆ, ಮೆಲುಕು ನಿಂತರೆ, ನೋಡೋಣ ಎಂದು ಕೂರಬೇಡಿ, ಪಶು ವೈದ್ಯರನ್ನು ಕರೆಯಿರಿ. ಹೊಟ್ಟೆನೋವು ಅಂತ ಅವು ಬಾಯಿಬಿಟ್ಟು ಹೇಳಲಾರವು. ಸಾಕಿದ ನಾವೇ ಕಣ್ಣಿಟ್ಟು ನೋಡಬೇಕು.